ಪುರವರ ಸೀಮೆಯ ಗೃಹನಿರ್ಮಾಣ: ಸಾಮಗ್ರಿ ಮತ್ತು ವೆಚ್ಚದ ಇತಿಹಾಸ

ನಮ್ಮ ನಾಡಿನ ವಾಸ್ತುಶಿಲ್ಪವನ್ನು ಕುರಿತು ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ. ದೇವಾಲಯ, ಬಸದಿ, ಕೋಟೆ, ಮಸೀದಿಗಳ ರಚನಾಕ್ರಮವೂ ಕಾಲನಿರ್ಣಯವೂ ಬಹುಮಟ್ಟಿಗೆ ಚರ್ಚಿತವಾಗಿವೆ. ಆದರೆ ಆ ದೇವಾಲಯಗಳಿಗೆ ಕಲ್ಲು ಹೊತ್ತವರು, ಆ ಕೋಟೆಗಳಿಗೆ ಕಾವಲಿದ್ದವರು ತಾವು ಎಂತಹ ಮನೆಗಳಲ್ಲಿ ವಾಸಿಸುತ್ತಿದ್ದರು, ಅವುಗಳನ್ನು ಯಾವ ಸಾಮಗ್ರಿಯಿಂದ ಕಟ್ಟುತ್ತಿದ್ದರು, ಅದಕ್ಕೆ ತಗಲುತ್ತಿದ್ದ ವೆಚ್ಚವನ್ನು ಯಾರು ಹೇಗೆ ಭರಿಸುತ್ತಿದ್ದರು ಎಂಬ ಪ್ರಶ್ನೆಗಳಿಗೆ ಇತಿಹಾಸದಲ್ಲಿ ತಕ್ಕಷ್ಟು ಸ್ಥಾನ ದೊರೆತಿಲ್ಲ. ಪ್ರಕೃತ ಲೇಖನದಲ್ಲಿ ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳನ್ನು ಒಂದು ಸೀಮೆಯಾಗಿ ಪರಿಗಣಿಸಿ, ಮಧುಗಿರಿ ತಾಲ್ಲೂಕಿನ ಹೋಬಳಿ ಕೇಂದ್ರವಾದ ಪುರವರದ ಹೆಸರಿನಿಂದ ಅದನ್ನು ಕರೆದು, ಈ ಪ್ರಶ್ನೆಗಳನ್ನು ಸಂಗ್ರಹವಾಗಿ ವಿಚಾರಮಾಡಲು ಯತ್ನಿಸಿದ್ದೇವೆ.

ಹಿಂದೆ ಮನೆ ಕಟ್ಟುವುದು ಅಗ್ಗವಾಗಿತ್ತು, ಈಗ ದುಬಾರಿಯಾಗಿದೆ ಎಂಬ ಮಾತು ಜನಜನಿತವಾಗಿದೆ. ಈ ಮಾತಿನಲ್ಲಿ ಸತ್ಯಾಂಶವಿದ್ದರೂ ಅದು ವಿಷಯದ ತಿರುಳನ್ನು ಮುಟ್ಟುವುದಿಲ್ಲವೆಂದು ನಾವು ಭಾವಿಸುತ್ತೇವೆ. ಹಿಂದಿನ ಮನೆಗೂ ವೆಚ್ಚವಿತ್ತು. ಅದು ದುಡಿಮೆಯ ರೂಪದಲ್ಲಿ, ವರ್ಷವರ್ಷವೂ ಸ್ವಲ್ಪ ಸ್ವಲ್ಪವಾಗಿ ಸಲ್ಲುತ್ತಿತ್ತು. ಇಂದಿನ ಮನೆಯ ವೆಚ್ಚ ಹಣದ ರೂಪದಲ್ಲಿ, ಒಮ್ಮೆಗೇ ಸಲ್ಲಬೇಕಾಗಿದೆ. ವೆಚ್ಚದ ಪ್ರಮಾಣಕ್ಕಿಂತಲೂ ಅದರ ಸ್ವರೂಪದಲ್ಲಾದ ಈ ಪರಿವರ್ತನೆಯೇ ಈ ಸೀಮೆಯ ಗೃಹನಿರ್ಮಾಣದ ಇತಿಹಾಸದಲ್ಲಿ ಮುಖ್ಯವಾದ ಘಟನೆ.

೧. ನೆಲದ ಗುಣ

ಈ ನಾಲ್ಕು ತಾಲ್ಲೂಕುಗಳೂ ಮೈದಾನದ ಬಯಲುಸೀಮೆಗೆ ಸೇರಿದವು. ಮಳೆ ಕಡಮೆ, ಪಾವಗಡ, ಶಿರಾ ಕಡೆಗಳಲ್ಲಂತೂ ಬರವು ಅಪರೂಪದ ಅತಿಥಿಯಲ್ಲ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಜಯಮಂಗಲಿ ನದಿಯು ಕೊರಟಗೆರೆ, ಮಧುಗಿರಿ ತಾಲ್ಲೂಕುಗಳಲ್ಲಿ ಹರಿದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ವರ್ಷದ ಬಹುಭಾಗ ಒಣಗಿರುವ ಈ ನದಿಯ ಪಾತ್ರದಲ್ಲಿ ನೀರಿಗಿಂತ ಮರಳೇ ಹೆಚ್ಚು ಕಾಣುತ್ತಿತ್ತು. ಎಲ್ಲೆಲ್ಲಿಯೂ ಕಣಶಿಲೆಯ ಬೆಟ್ಟಗುಡ್ಡಗಳು; ಅವುಗಳ ನಡುವೆ ಕೆಂಪು ಮರಳುಮಣ್ಣಿನ ಬಯಲು; ಅಲ್ಲಲ್ಲಿ ಎರೆಮಣ್ಣು, ಚೌಳುಮಣ್ಣುಗಳ ತುಂಡುನೆಲಗಳು. ದೊಡ್ಡ ಮರಗಳ ಕಾಡು ವಿರಳ; ಜಾಲಿ, ಬೇವು, ಹುಣಸೆ, ಹೊಂಗೆಗಳೇ ರೈತನಿಗೆ ಸುಲಭವಾಗಿ ದೊರೆಯುತ್ತಿದ್ದ ಮರಗಳು.

ಈ ಸೀಮೆಯ ಮನೆಯ ರೂಪವನ್ನು ನಿರ್ಧರಿಸಿದ್ದು ಈ ಪರಿಸರವೇ ಸರಿ. ಮಳೆ ಹೆಚ್ಚಾಗಿರುವ ಮಲೆನಾಡಿನಲ್ಲಿ ನೀರು ಜಾರಿಹೋಗುವಂತೆ ಇಳಿಜಾರಾದ ಚಾವಣಿ ಅನಿವಾರ್ಯ. ಮಳೆ ಕಡಮೆಯಾಗಿ ಬಿಸಿಲು ಹೆಚ್ಚಾಗಿರುವ ಈ ಸೀಮೆಯಲ್ಲಿ ಮಟ್ಟಸವಾದ ಮಣ್ಣಿನ ಮಾಳಿಗೆ ಸಾಧ್ಯವಾಯಿತು. ಅದು ತಂಪನ್ನು ಕೊಡುವುದಲ್ಲದೆ ಕಾಳುಕಡ್ಡಿ ಒಣಗಿಸುವುದಕ್ಕೂ ಬೇಸಿಗೆಯ ರಾತ್ರಿಗಳಲ್ಲಿ ಮಲಗುವುದಕ್ಕೂ ಅನುಕೂಲವಾದ ಸ್ಥಳವಾಗಿತ್ತು.

೨. ಶಿರಾ ನಗರದ ಸಾಕ್ಷ್ಯ

ಸಾಮಾನ್ಯರ ಮನೆಗಳ ಇತಿಹಾಸಕ್ಕೆ ಆಧಾರಗಳು ಏಕೆ ವಿರಳವೆಂಬುದನ್ನು ಶಿರಾ ಪಟ್ಟಣದ ಚರಿತ್ರೆಯೇ ತಿಳಿಸುತ್ತದೆ. ೧೬೮೭ರಲ್ಲಿ ಮೊಗಲರ ವಶಕ್ಕೆ ಬಂದ ಶಿರಾ ಮುಂದೆ ಅವರ ಸುಬಾದ ರಾಜಧಾನಿಯಾಯಿತು. ದಿಲಾವರ್ ಖಾನನ ಕಾಲದಲ್ಲಿ ಅಲ್ಲಿ ಐವತ್ತು ಸಾವಿರ ಮನೆಗಳಿದ್ದುವೆಂದು ಹೇಳಿಕೆ, ಬಿ. ಎಲ್. ರೈಸರು ತಮ್ಮ ಗೆಜೆಟಿಯರಿನಲ್ಲಿ ಇದನ್ನು ದಾಖಲಿಸಿದ್ದಾರೆ. ಟಿಪ್ಪು ಸುಲ್ತಾನನು ಶ್ರೀರಂಗಪಟ್ಟಣದ ಬಳಿಯ ಗಂಜಾಮಿಗೆ ಶಿರಾದಿಂದ ಹನ್ನೆರಡು ಸಾವಿರ ಕುಟುಂಬಗಳನ್ನು ಸಾಗಿಸಿದನೆಂದೂ ಅದೇ ಗ್ರಂಥದಿಂದ ತಿಳಿದುಬರುತ್ತದೆ. ಈ ಸಂಖ್ಯೆಗಳಲ್ಲಿ ಉತ್ಪ್ರೇಕ್ಷೆಯಿರಬಹುದು. ಹೀಗಿದ್ದರೂ ಶಿರಾ ಒಂದು ದೊಡ್ಡ ನಗರವಾಗಿತ್ತೆಂಬುದು ನಿಸ್ಸಂದೇಹ.

ಆ ನಗರದಲ್ಲಿ ಇಂದು ಉಳಿದಿರುವುದೇನು? ೧೬೫೧ರ ಮಲಿಕ್ ರಿಹಾನನ ಗೋರಿ, ೧೬೯೬ರ ಜುಮ್ಮಾ ಮಸೀದಿ, ಕೋಟೆಯ ಅವಶೇಷಗಳು; ಎಂದರೆ ಕಲ್ಲಿನಿಂದ ಕಟ್ಟಿದವುಗಳು. ದಿಲಾವರ್ ಖಾನನ ಅರಮನೆಯು ಬೆಂಗಳೂರು, ಶ್ರೀರಂಗಪಟ್ಟಣಗಳ ಅರಮನೆಗಳಿಗೆ ಮಾದರಿಯಾಯಿತೆಂದು ಪ್ರತೀತಿಯಿದ್ದರೂ, ಬಾಳಿಕೆಯಿಲ್ಲದ ಸಾಮಗ್ರಿಯಿಂದ ನಿರ್ಮಿತವಾದುದರಿಂದ ಅದೇ ಉಳಿಯಲಿಲ್ಲ. ಅರಮನೆಯ ಗತಿಯೇ ಹೀಗಾದ ಮೇಲೆ ಸಾವಿರಾರು ಮಣ್ಣಿನ ಮನೆಗಳ ಮಾತೇನು! ಮಣ್ಣಿನ ಮನೆಯನ್ನು ಕಾಪಾಡುವುದು ಅದರಲ್ಲಿ ವಾಸಿಸುವವರ ಕೈಗಳೇ. ಜನರು ತೆರಳಿದ ಬಳಿಕ ಕೆಲವೇ ಮಳೆಗಾಲಗಳಲ್ಲಿ ಮಾಳಿಗೆ ಕುಸಿದು, ಗೋಡೆ ಕರಗಿ, ಮನೆ ಮತ್ತೆ ಹೊಲದ ಮಣ್ಣಾಗುತ್ತದೆ.

ಲಿಖಿತ ಆಧಾರಗಳ ಸ್ಥಿತಿಯೂ ಇದಕ್ಕಿಂತ ಹೆಚ್ಚು ಆಶಾದಾಯಕವಾಗಿಲ್ಲ. ತುಮಕೂರು ಜಿಲ್ಲೆಯ ಶಾಸನಗಳು ಎಪಿಗ್ರಾಫಿಯ ಕರ್ನಾಟಿಕದ ಹನ್ನೆರಡನೆಯ ಸಂಪುಟವಾಗಿ ೧೯೦೪ರಲ್ಲಿ ಪ್ರಕಟವಾದುವು. ಶಾಸನಗಳು ಸಾಧಾರಣವಾಗಿ ದೇವಾಲಯ, ಕೆರೆ, ಭೂದಾನಗಳನ್ನು ಹೇಳುತ್ತವೆ. ಕನ್ನಡ ಶಾಸನಗಳಲ್ಲಿ ಮನೆದೆರೆ ಎಂಬ ತೆರಿಗೆಯ ಪ್ರಸ್ತಾಪವುಂಟು. ಆದರೆ ತೆರಿಗೆ ತೆತ್ತ ಮನೆ ಹೇಗಿತ್ತೆಂದು ತಿಳಿಯುವುದಿಲ್ಲ. ೧೮೦೦ರಲ್ಲಿ ಮಧುಗಿರಿ, ಶಿರಾಗಳ ಮೂಲಕ ಹಾದುಹೋದ ಫ್ರಾನ್ಸಿಸ್ ಬುಕಾನನ್ ಬೆಳೆ, ನೀರಾವರಿ, ಕೈಗಾರಿಕೆಗಳನ್ನು ಕುರಿತು ವಿವರವಾಗಿ ಬರೆದಿದ್ದಾನೆ. ಹಳ್ಳಗಳ ಕರಿಮರಳಿನಿಂದ ಈ ಸೀಮೆಯಲ್ಲಿ ಕಬ್ಬಿಣ ತೆಗೆಯುತ್ತಿದ್ದುದೂ, ಇಲ್ಲಿನ ಉಕ್ಕು ಕಲ್ಲುಕುಟಿಗರ ಉಳಿಗಳಿಗೆ ಬಳಕೆಯಾಗುತ್ತಿದ್ದುದೂ ಅವನ ಗ್ರಂಥದಿಂದ ತಿಳಿಯುತ್ತವೆ. ಎಂದರೆ ಬೆಟ್ಟದ ಕಲ್ಲಿನೊಡನೆ ಅದನ್ನು ಕಡಿಯುವ ಉಳಿಯೂ ಈ ಸೀಮೆಯದೇ ಆಗಿತ್ತು. ಮನೆಗಳ ಸಾಮಗ್ರಿಯನ್ನು ಸರ್ಕಾರವು ವ್ಯವಸ್ಥಿತವಾಗಿ ಲೆಕ್ಕಹಾಕಿದ್ದು ಬಹಳ ತಡವಾಗಿ. ೧೯೬೧ರ ಜನಗಣತಿಯ ಮನೆಪಟ್ಟಿಯಲ್ಲಿ ಗೋಡೆ ಯಾವುದರದು, ಚಾವಣಿ ಯಾವುದರದು ಎಂಬ ಪ್ರಶ್ನೆಗಳು ಸೇರಿದುವು. ತತ್ಪೂರ್ವದ ಕಾಲಕ್ಕೆ ಈಗಲೂ ನಿಂತಿರುವ ಹಳೆಯ ಮನೆಗಳೇ ನಮಗೆ ಮುಖ್ಯವಾದ ದಾಖಲೆ.

೩. ಅಡಿಪಾಯ ಮತ್ತು ಗೋಡೆ

ಈ ಸೀಮೆಯ ಕೆಂಪುನೆಲದಲ್ಲಿ ಗಟ್ಟಿಯಾದ ತಳವು ಹೆಚ್ಚು ಆಳದಲ್ಲಿರುವುದಿಲ್ಲ. ಆದುದರಿಂದ ಎರಡು ಮೂರು ಅಡಿ ಅಗೆದು, ಕಾಡುಕಲ್ಲುಗಳನ್ನು ಮಣ್ಣಿನ ಕೆಸರಿನಲ್ಲಿ ಕೂಡಿಸಿ ಅಡಿಪಾಯ ಹಾಕುತ್ತಿದ್ದರು. ಎರೆಮಣ್ಣಿನ ನೆಲವನ್ನು ಜನರು ಆದಷ್ಟು ವರ್ಜಿಸುತ್ತಿದ್ದರು. ಎರೆಮಣ್ಣು ನೀರು ಕುಡಿದಾಗ ಉಬ್ಬಿ, ಒಣಗಿದಾಗ ಕುಗ್ಗಿ ಬಿರಿಯುವುದರಿಂದ ಗೋಡೆಗಳು ಸೀಳುತ್ತವೆಂಬುದು ಅವರ ಅನುಭವ. ಇಂದು ಊರುಗಳು ಹಳೆಯ ಊರುತಿಟ್ಟನ್ನು ಬಿಟ್ಟು ಹೊಲಗಳ ಕಡೆಗೆ ಬೆಳೆಯುತ್ತಿರುವಾಗ ಈ ಎಚ್ಚರ ಹಿಂದಿಗಿಂತಲೂ ಅಗತ್ಯವಾಗಿದೆ.

ಅಡಿಪಾಯದ ಮೇಲೆ ಮೊಣಕಾಲುದ್ದ ಕಲ್ಲುಕಟ್ಟಡ, ಅದರ ಮೇಲೆ ಮಣ್ಣಿನ ಗೋಡೆ. ಸೂರಿನಿಂದ ಬಿದ್ದ ನೀರು ನೆಲದಿಂದ ಸಿಡಿದು ಗೋಡೆಯ ಬುಡವನ್ನು ಕೊರೆಯದಿರಲೆಂಬುದೇ ಈ ಕಲ್ಲುಕಟ್ಟಡದ ಉದ್ದೇಶ. ಕೆಂಪುಮಣ್ಣಿಗೆ ನೀರು ಹಾಯಿಸಿ, ಹುಲ್ಲಿನ ಚೂರು ಬೆರೆಸಿ, ತುಳಿದು, ಕೆಲವು ದಿನ ಕಳಿಯಲು ಬಿಟ್ಟು, ಆಮೇಲೆ ಒಂದೊಂದು ಮೊಳ ಎತ್ತರದ ವರಸೆಗಳಾಗಿ ಗೋಡೆಯನ್ನು ಏರಿಸುತ್ತಿದ್ದರು. ಒಂದು ವರಸೆ ಒಣಗಿ ಗಟ್ಟಿಯಾದ ಹೊರತು ಮೇಲಿನದನ್ನು ಹಾಕುವಂತಿರಲಿಲ್ಲ. ಹೀಗಾಗಿ ಗೋಡೆಯ ಕೆಲಸ ಸುಗ್ಗಿ ಮುಗಿದ ಮೇಲೆ ಬೇಸಿಗೆಯಲ್ಲಿ ನಡೆಯುತ್ತಿತ್ತು. ಹೊಲದಲ್ಲಿ ಕೆಲಸವಿಲ್ಲದ ಆ ಕಾಲದಲ್ಲಿ ಆಳುಗಳೂ ದೊರೆಯುತ್ತಿದ್ದರು. ಗೋಡೆಯ ದಪ್ಪ ಒಂದೂವರೆ ಅಡಿಯಿಂದ ಎರಡು ಅಡಿ.

ಬೆಟ್ಟದ ಆಸುಪಾಸಿನ ಊರುಗಳಲ್ಲಿ ಕಲ್ಲಿನ ಬಳಕೆ ಇನ್ನೂ ಹೆಚ್ಚು. ಬಂಡೆಯ ಮೇಲೆ ಸೌದೆ ಉರಿಸಿ ಕಾಯಿಸಿದಾಗ ಮೇಲ್ಪದರವು ಹಿಗ್ಗಿ ತಳದಿಂದ ಬಿಡಿಸಿಕೊಳ್ಳುತ್ತದೆ. ಅನಂತರ ಬೆಣೆಗಳನ್ನು ಹೊಡೆದು ಅದನ್ನು ಉದ್ದನೆಯ ಚಪ್ಪಡಿಗಳಾಗಿ ಸೀಳುತ್ತಾರೆ. ಕಂಬ, ತೊಲೆ, ಚಾವಣಿ, ನೆಲಹಾಸುಗಳಿಗೂ ಕೆಲವು ಕಡೆ ಗೋಡೆಗಳಿಗೂ ಈ ಚಪ್ಪಡಿಗಳೇ ಒದಗುತ್ತಿದ್ದುವು. ಸುಟ್ಟ ಇಟ್ಟಿಗೆ ಮತ್ತು ಗಾರೆ ಕೋಟೆಕೊತ್ತಲಗಳಿಗೆ, ದೇವಸ್ಥಾನದ ಗೋಪುರಗಳಿಗೆ, ಸ್ಥಿತಿವಂತರ ಮನೆಗಳಿಗೆ ಸೀಮಿತವಾಗಿದ್ದುವು. ಇಟ್ಟಿಗೆ ಸುಡಲೂ ಸುಣ್ಣ ಬೇಯಿಸಲೂ ಸೌದೆ ಬೇಕು. ಸೌದೆ ವಿರಳವಾದ ಸೀಮೆಯಲ್ಲಿ ಬೆಂಕಿಯಿಂದ ಸಿದ್ಧವಾಗುವ ಸಾಮಗ್ರಿಯೆಲ್ಲವೂ ದುಬಾರಿಯೇ.

೪. ಅಂಕಣ ಮತ್ತು ಮಾಳಿಗೆ

ಮನೆಯ ಅಳತೆಯನ್ನು ನಮ್ಮ ಹಿರಿಯರು ಚದರಡಿಯಲ್ಲಿ ಹೇಳುತ್ತಿರಲಿಲ್ಲ. ಮೂರಂಕಣದ ಮನೆ, ಐದಂಕಣದ ಮನೆ, ಒಂಬತ್ತಂಕಣದ ಮನೆ ಎಂಬುದು ರೂಢಿಯ ಮಾತು. ಕಂಬದಿಂದ ಕಂಬಕ್ಕೆ, ತೊಲೆಯಿಂದ ತೊಲೆಗೆ ಇರುವ ಅವಕಾಶವೇ ಅಂಕಣ. ಸ್ಥಳೀಯವಾಗಿ ದೊರೆಯುವ ಮರ ಎಷ್ಟು ಉದ್ದವೋ, ಬಂಡೆಯಿಂದ ಎಬ್ಬಿಸಿದ ಚಪ್ಪಡಿ ಎಷ್ಟು ಉದ್ದ ಬಾಗದೆ ನಿಲ್ಲುವುದೋ ಅಂಕಣದ ಅಗಲ ಅಷ್ಟೇ. ಹೀಗೆ ಸಾಮಗ್ರಿಯ ಮಿತಿಯೇ ಮನೆಯ ಅಳತೆಗೋಲಾಗಿತ್ತೆಂಬುದು ಗಮನಾರ್ಹ. ಅಂಕಣಗಳ ಎಣಿಕೆ ತಿಳಿದರೆ ಮನೆಗೆ ಬೇಕಾದ ಕಂಬ, ತೊಲೆ, ಜಂತೆಗಳ ಲೆಕ್ಕವೂ, ಆ ಮನೆತನದ ಸ್ಥಿತಿಗತಿಯೂ ತಿಳಿದಂತೆಯೇ.

ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಗಳ ಮೇಲೆ ಒತ್ತಾಗಿ ಜಂತೆ. ಜಂತೆಗಳ ಮೇಲೆ ಕಡ್ಡಿ ಅಥವಾ ಬಿದಿರ ದಬ್ಬೆ, ಅದರ ಮೇಲೆ ಬಂದರೆ ಮುಂತಾದ ಸೊಪ್ಪಿನ ಹಾಸು, ಆಮೇಲೆ ಮಣ್ಣು. ಎಲ್ಲಕ್ಕೂ ಮೇಲೆ ಚೌಳುಮಣ್ಣಿನ ಹೊದಿಕೆ. ಬೆಳೆಗೆ ಬಾರದ ಚೌಳುಮಣ್ಣು ಮಾಳಿಗೆಗೆ ಒದಗುತ್ತಿದ್ದುದಕ್ಕೆ ಶಾಸ್ತ್ರೀಯವಾದ ಕಾರಣವಿದೆ. ಅದರಲ್ಲಿನ ಸೋಡಿಯಮ್ ಲವಣಗಳಿಂದ ಜೇಡಿಯ ಕಣಗಳು ನೀರಿನಲ್ಲಿ ಬಿಡಿಬಿಡಿಯಾಗಿ ಹರಡಿ, ಮಣ್ಣಿನ ರಂಧ್ರಗಳನ್ನು ಮುಚ್ಚುತ್ತವೆ. ನೀರು ಒಳಗಿಳಿಯದೆ ದೋಣಿಯ ಮೂಲಕ ಹೊರಗೆ ಹರಿಯುತ್ತದೆ. ಹೊಲದಲ್ಲಿ ದೋಷವೆನಿಸಿದ ಗುಣವೇ ಮಾಳಿಗೆಯಲ್ಲಿ ಉಪಕಾರಿಯಾಯಿತು.

ಮಾಳಿಗೆಯ ದೋಷಗಳನ್ನು ಮರೆಮಾಚಬೇಕಾದುದಿಲ್ಲ. ಪ್ರತಿವರ್ಷ ಮುಂಗಾರಿಗೆ ಮೊದಲು ಅದರ ಮೇಲಿನ ಹುಲ್ಲು ಕಿತ್ತು, ಬಿರುಕು ಮುಚ್ಚಿ, ಹೊಸ ಚೌಳುಮಣ್ಣು ಹಾಕಬೇಕು. ಹಳೆಯ ಮಣ್ಣನ್ನು ತೆಗೆಯದೆ ಹೊಸದನ್ನೇ ಹಾಕುತ್ತ ಹೋದರೆ ಭಾರ ಹೆಚ್ಚಿ ಜಂತೆಗಳು ಬಾಗುತ್ತವೆ. ಗೆದ್ದಲು ಒಳಗೊಳಗೇ ಮರವನ್ನು ತಿನ್ನುತ್ತದೆ. ಹಲವು ದಿನ ಎಡೆಬಿಡದೆ ಮಳೆ ಹಿಡಿದರೆ ಮಾಳಿಗೆ ಸೋರುವುದಲ್ಲದೆ ಕುಸಿದು ಪ್ರಾಣಹಾನಿಯೂ ಆಗುವುದುಂಟು. ಗವಾಕ್ಷಿಯೊಂದನ್ನು ಬಿಟ್ಟರೆ ಒಳಗೆ ಬೆಳಕು ಅಲ್ಪ. ಆದುದರಿಂದ ತಾರಸಿಯ ಮನೆಯನ್ನು ಜನರು ಬಯಸಿದ್ದು ಕೇವಲ ಅನುಕರಣೆಯಿಂದ ಎನ್ನಲಾಗದು.

೫. ದುಡಿಮೆಯ ಲೆಕ್ಕ

ಇಂತಹ ಮನೆಗೆ ಹಣವೆಷ್ಟು ಬೇಕಾಗುತ್ತಿತ್ತು? ಮಣ್ಣು, ಕಾಡುಕಲ್ಲು, ಸೊಪ್ಪು ಊರಿನ ಸುತ್ತ ದೊರೆಯುತ್ತಿದ್ದುವು; ಮರ ರೈತನ ಹೊಲದ ಬದುವಿನದು. ಸಾಗಣೆಗೆ ಸ್ವಂತ ಅಥವಾ ನೆರೆಯವನ ಗಾಡಿ. ಗೋಡೆ ತುಳಿಯಲು, ಮಾಳಿಗೆಗೆ ಮಣ್ಣು ಹೊರಲು ಮುಯ್ಯಾಳುಗಳು ಬರುತ್ತಿದ್ದರು. ಇಂದು ನನ್ನ ಮನೆಗೆ ನೀನು ಬಂದರೆ ನಾಳೆ ನಿನ್ನ ಮನೆಗೆ ನಾನು ಬರುವೆನೆಂಬ ಈ ಮುಯ್ಯಿಯ ಪದ್ಧತಿಯಲ್ಲಿ ಕೂಲಿಯ ಮಾತಿಲ್ಲ, ಊಟದ ಮಾತುಂಟು. ಬಡಗಿ, ಕಮ್ಮಾರರು ಆಯಗಾರರು. ಅವರಿಗೆ ಸುಗ್ಗಿಯ ಕಣದಲ್ಲಿ ಧಾನ್ಯದ ಆಯ ಸಲ್ಲುತ್ತಿತ್ತು. ಕಲ್ಲು ಸೀಳುವ, ಮಣ್ಣು ಅಗೆಯುವ ಕೆಲಸ ಬಹುಮಟ್ಟಿಗೆ ಭೋವಿ ಜನಾಂಗದ ಕಸುಬಾಗಿತ್ತು. ಕೈಯಲ್ಲಿ ಹಣ ಕೊಡಬೇಕಾಗುತ್ತಿದ್ದುದು ಇಂತಹ ಕೆಲವು ಕೆಲಸಗಳಿಗೆ ಮಾತ್ರ.

ಈ ವ್ಯವಸ್ಥೆಯನ್ನು ಆದರ್ಶವೆಂದು ವರ್ಣಿಸುವುದು ತಪ್ಪಾಗುತ್ತದೆ. ಬದುವಿನಲ್ಲಿ ಮರವಿರಬೇಕಾದರೆ ಮೊದಲು ಹೊಲವಿರಬೇಕು. ಮುಯ್ಯಾಳು ದೊರೆಯಬೇಕಾದರೆ ಅನ್ನವಿಡುವ ಶಕ್ತಿಯಿರಬೇಕು. ಭೂಮಿಯಿಲ್ಲದವನಿಗೂ ಊರ ಹೊರಗಿನ ಕೇರಿಯವನಿಗೂ ಹುಲ್ಲು ಅಥವಾ ಗರಿ ಹೊದಿಸಿದ ಗುಡಿಸಲೇ ಗತಿಯಾಗಿತ್ತು. ಊರಿಗೆಲ್ಲ ಕಲ್ಲು ಸೀಳಿಕೊಟ್ಟವನ ಗುಡಿಸಿಲಿಗೆ ಕಲ್ಲಿನ ಗೋಡೆ ಇರಲಿಲ್ಲವೆಂಬುದನ್ನು ಇತಿಹಾಸಕಾರನು ಮರೆಯಬಾರದು. ೧೮೭೬–೭೮ರ ಮಹಾಕ್ಷಾಮದಂತಹ ದುರ್ಭಿಕ್ಷಗಳಲ್ಲಿ ಮುಯ್ಯಿಯ ವ್ಯವಸ್ಥೆಯೇ ನೆಲೆಗೆಡುತ್ತಿತ್ತು.

೬. ಕೊಂಡುತರುವ ಸಾಮಗ್ರಿ

ಪರಿವರ್ತನೆ ಮೊದಲು ಚಾವಣಿಯಿಂದ ಪ್ರಾರಂಭವಾಯಿತು. ೧೮೬೫ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರು. ೧೮೮೪ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ರೈಲುಮಾರ್ಗ ಬಂದಿತು. ದೂರದ ಸರಕು ಕ್ರಮೇಣ ಜಿಲ್ಲೆಯ ಪೇಟೆಗಳಿಗೆ ಬರಲಾರಂಭಿಸಿತು. ಕುಂಬಾರನ ನಾಡಹೆಂಚಿನ ಜೊತೆಗೆ ಮಂಗಳೂರು ಹೆಂಚು ಕಾಣಿಸಿಕೊಂಡಿತು. ಇಟ್ಟಿಗೆ ಗಾರೆಗಳ ಮದ್ರಾಸು ತಾರಸಿ ಪೇಟೆಯ ಮನೆಗಳಿಗೆ ಬಂದಿತು.

ಸಿಮೆಂಟು ಈ ಜಿಲ್ಲೆಗೆ ದೂರದ ವಸ್ತುವಾಗಿ ಉಳಿಯಲಿಲ್ಲ. ೧೯೫೮ರಲ್ಲಿ ಸ್ಥಾಪಿತವಾದ ಮೈಸೂರ್ ಸಿಮೆಂಟ್ಸ್ ಸಂಸ್ಥೆಯ ಕಾರ್ಖಾನೆ ತುರುವೇಕೆರೆ ತಾಲ್ಲೂಕಿನ ಅಮ್ಮಸಂದ್ರದಲ್ಲಿ ೧೯೬೨ರಲ್ಲಿ ಕೆಲಸ ಪ್ರಾರಂಭಿಸಿತು. ಆದಾಗ್ಯೂ ಸಿಮೆಂಟಿನ ಬೆಲೆ ಮತ್ತು ಹಂಚಿಕೆಗಳು ಬಹುಕಾಲ ಸರ್ಕಾರದ ನಿಯಂತ್ರಣದಲ್ಲಿದ್ದುವು. ೧೯೮೨ರಲ್ಲಿ ಭಾಗಶಃ, ೧೯೮೯ರಲ್ಲಿ ಪೂರ್ಣವಾಗಿ ನಿಯಂತ್ರಣ ರದ್ದಾದ ಮೇಲೆ ಸಿಮೆಂಟು ಹಳ್ಳಿಯ ಅಂಗಡಿಯಲ್ಲೂ ದೊರೆಯುವ ಸರಕಾಯಿತು. ಕಾಂಕ್ರೀಟಿನ ಚಾವಣಿ ಬಂದೊಡನೆ ಅಂಕಣದ ಮಿತಿ ಕಳಚಿತು. ನಡುವೆ ಕಂಬವಿಲ್ಲದ ಕೋಣೆ ಸಾಧ್ಯವಾಯಿತು. ಜೊತೆಗೇ ಅಂಕಣವೆಂಬ ಮಾತೂ ಹಿಂದೆ ಸರಿದು ಚದರವೆಂಬ ಮಾತು ಬಂದಿತು. ನೂರು ಚದರಡಿಗೆ ಒಂದು ಚದರ. ಅದರ ಲೆಕ್ಕ ನೇರವಾಗಿ ರೂಪಾಯಿಯಲ್ಲಿ.

ಉಚಿತವಾಗಿ ದೊರೆಯುತ್ತಿದ್ದ ವಸ್ತುಗಳೂ ಒಂದೊಂದಾಗಿ ಬೆಲೆಯ ವಸ್ತುಗಳಾದುವು. ಇದಕ್ಕೆ ಮರಳೇ ಉತ್ತಮ ನಿದರ್ಶನ. ಜಯಮಂಗಲಿಯ ಮರಳನ್ನು ಒಂದು ಕಾಲಕ್ಕೆ ಬೇಕಾದವರು ಗಾಡಿಯಲ್ಲಿ ತುಂಬಿ ತರುತ್ತಿದ್ದರು. ನಗರಗಳ ಬೇಡಿಕೆ ಹೆಚ್ಚಿದಂತೆ ಮರಳು ಲಾರಿಗಳಲ್ಲಿ ಹೊರಟಿತು. ನದೀಪಾತ್ರ ಬರಿದಾದರೆ ಬಾವಿಗಳ ಅಂತರ್ಜಲಕ್ಕೂ ಕುತ್ತು ತಪ್ಪದು. ೨೦೧೨ರಲ್ಲಿ ಸುಪ್ರೀಂ ಕೋರ್ಟು ಮರಳಿನಂತಹ ಉಪಖನಿಜಗಳ ಗಣಿಗಾರಿಕೆಗೆ ಪರಿಸರದ ಪೂರ್ವಾನುಮತಿ ಅಗತ್ಯವೆಂದು ಆಜ್ಞೆ ಮಾಡಿತು. ಈಗ ಕಣಶಿಲೆಯನ್ನು ಪುಡಿಮಾಡಿ ತಯಾರಿಸುವ ಎಂ-ಸ್ಯಾಂಡ್ ಅದರ ಸ್ಥಾನಕ್ಕೆ ಬಂದಿದೆ. ಅದಕ್ಕೂ ಬೆಟ್ಟವನ್ನೇ ಒಡೆಯಬೇಕಷ್ಟೆ.

೭. ಒಂದು ಸಾಮಾನ್ಯ ಲೆಕ್ಕ

ಎರಡು ಪದ್ಧತಿಗಳನ್ನು ಹೋಲಿಸಲು ೨೫ ಚದರ ಮೀಟರಿನ ಸಣ್ಣ ಮನೆಯೊಂದನ್ನು ತೆಗೆದುಕೊಳ್ಳೋಣ. ೨೦೧೬ರಲ್ಲಿ ಜಾರಿಗೆ ಬಂದ ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆ ಗೊತ್ತುಪಡಿಸಿದ ಕನಿಷ್ಠ ವಿಸ್ತೀರ್ಣವೂ ಇದೇ. ಹೊರ ಅಳತೆ ೫ ಮೀಟರು ಉದ್ದ, ೫ ಮೀಟರು ಅಗಲ, ನಡುವೆ ಒಂದು ಅಡ್ಡಗೋಡೆ, ೩ ಮೀಟರು ಎತ್ತರ. ಬಾಗಿಲು ಕಿಟಕಿಗಳನ್ನು ಕಳೆದರೆ ಸುಮಾರು ೬೫ ಚದರ ಮೀಟರು ಗೋಡೆ.

ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆಯಾದರೆ ಸುಮಾರು ೨೯ ಘನ ಮೀಟರು ಮಣ್ಣು ಬೇಕು. ಖರೀದಿಸಬೇಕಾದುದು ಏನೂ ಇಲ್ಲ. ಒಂಬತ್ತಂಗುಲದ ಇಟ್ಟಿಗೆ ಗೋಡೆಯಾದರೆ ೧೫ ಘನ ಮೀಟರು. ಘನ ಮೀಟರಿಗೆ ೫೦೦ರಂತೆ ಏಳೂವರೆ ಸಾವಿರ ಇಟ್ಟಿಗೆ, ಅದಕ್ಕೆ ತಕ್ಕ ಮರಳು, ಸಿಮೆಂಟು. ಆರಂಗುಲದ ಸಿಮೆಂಟ್ ಬ್ಲಾಕುಗಳಾದರೆ ಸುಮಾರು ಎಂಟುನೂರು.

ಚಾವಣಿಯ ಲೆಕ್ಕ ಇನ್ನೂ ಸ್ವಾರಸ್ಯವಾದುದು. ಆರಂಗುಲ ದಪ್ಪದ ಮಣ್ಣಿನ ಮಾಳಿಗೆಗೆ ಸುಮಾರು ೬ ಟನ್ ಮಣ್ಣು. ಸುಮಾರು ೧೨ ಸೆಂಟಿಮೀಟರು ದಪ್ಪದ ಕಾಂಕ್ರೀಟು ಚಾವಣಿಗೆ ೩ ಘನ ಮೀಟರು ಕಾಂಕ್ರೀಟು. ಅದರ ತೂಕ ಏಳೂವರೆ ಟನ್. ಎಂದರೆ ಭಾರದಲ್ಲಿ ಮಾಳಿಗೆಯೇ ಹೆಚ್ಚೆಂಬ ಭಾವನೆ ಸರಿಯಲ್ಲ. ವ್ಯತ್ಯಾಸವಿರುವುದು ಭಾರವನ್ನು ಹೊರುವ ಬಗೆಯಲ್ಲಿ. ಮಣ್ಣು ಜಂತೆ ಕಂಬಗಳ ಆಸರೆ ಬೇಡುತ್ತದೆ. ಒಳಗಿನ ಕಬ್ಬಿಣದ ಬಲದಿಂದ ಕಾಂಕ್ರೀಟು ತನ್ನ ಭಾರವನ್ನು ತಾನೇ ಗೋಡೆಗೆ ಒಯ್ಯುತ್ತದೆ. ಆದರೆ ಈ ೩ ಘನ ಮೀಟರಿಗೆ ಸುಮಾರು ೨೪ ಚೀಲ ಸಿಮೆಂಟೂ ೨೪೦ ಕಿಲೋಗ್ರಾಮಿನಷ್ಟು ಕಬ್ಬಿಣವೂ ಬೇಕು. ಇವೆಲ್ಲವನ್ನೂ ಹಣ ಕೊಟ್ಟೇ ತರಬೇಕು. ಚಾವಣಿ ಹಾಕಿದ ಮೇಲೆ ವಾರಗಟ್ಟಲೆ ನೀರು ಕಟ್ಟಿ ಹದಮಾಡಬೇಕು. ಪಾವಗಡದಂತಹ ಕಡೆ ಆ ನೀರನ್ನೂ ಟ್ಯಾಂಕರಿನಲ್ಲಿ ಕೊಳ್ಳಬೇಕಾಗಬಹುದು.

ಮೇಲ್ಕಂಡ ಯೋಜನೆಯಲ್ಲಿ ಬಯಲುಸೀಮೆಯ ಮನೆಗೆ ಗೊತ್ತುಪಡಿಸಿದ ಸಹಾಯಧನ ೧,೨೦,೦೦೦ ರೂಪಾಯಿ. ಭಾಗಿಸಿ ನೋಡಿದರೆ ಚದರ ಮೀಟರಿಗೆ ೪,೮೦೦ ರೂಪಾಯಿ, ಚದರಡಿಗೆ ಸುಮಾರು ೪೪೬ ರೂಪಾಯಿ. ಕಾಂಕ್ರೀಟಿನ ಮನೆಯನ್ನು ಈ ದರದಲ್ಲಿ ಪೂರೈಸುವುದು ಸಾಧ್ಯವಿಲ್ಲವೆಂಬುದು ಮೇಸ್ತ್ರಿಗಳೆಲ್ಲರಿಗೂ ತಿಳಿದ ವಿಷಯ. ಉಳಿದ ಭಾಗ ಮನೆಯವರ ದುಡಿಮೆಯಿಂದಲೋ ಸಾಲದಿಂದಲೋ ಬರಬೇಕು. ಸಾಧಾರಣವಾಗಿ ಇಂದಿನ ಮನೆಯ ವೆಚ್ಚದಲ್ಲಿ ಮೂರರಲ್ಲಿ ಎರಡು ಪಾಲು ಸಾಮಗ್ರಿಗೆ ಹೋಗುವುದರಿಂದ, ಮನೆಯವರು ಎಷ್ಟೇ ದುಡಿದರೂ ಉಳಿಸಬಹುದಾದುದು ಮೂರನೆಯ ಒಂದು ಪಾಲಿಗಿಂತ ಹೆಚ್ಚಿಲ್ಲ. ಕೈಗಳಿಗೆ ಬೆಲೆಯಿದ್ದ ಕಾಲದಲ್ಲಿ ಬಡವನ ಬಂಡವಾಳವೆನಿಸಿದ್ದ ದುಡಿಮೆ ಹೀಗೆ ತನ್ನ ಶಕ್ತಿಯನ್ನು ಬಹುಮಟ್ಟಿಗೆ ಕಳೆದುಕೊಂಡಿತು. ಗೋಡೆ ಎದ್ದು ಚಾವಣಿಯಿಲ್ಲದೆ ನಿಂತ ಮನೆಗಳ ಕಾರಣವನ್ನು ಇಲ್ಲಿ ಅರಸಬೇಕು.

೮. ಮಧ್ಯಮಾರ್ಗದ ಪ್ರಯತ್ನ

ಮಣ್ಣನ್ನು ಸಂಪೂರ್ಣವಾಗಿ ತೊರೆಯದೆ ಅದರ ದೋಷಗಳನ್ನು ನೀಗಿಸುವ ಪ್ರಯತ್ನವೊಂದು ಇದೇ ಜಿಲ್ಲೆಯಲ್ಲಿ ನಡೆದುದು ಗಮನಾರ್ಹ. ೧೯೭೪ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ. ಕೆ. ಎನ್. ರೆಡ್ಡಿಯವರ ಮುಂದಾಳುತನದಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರವಿಜ್ಞಾನದ ಕೇಂದ್ರ ಪ್ರಾರಂಭವಾಯಿತು. ಅದರ ವಿಸ್ತರಣ ಕೇಂದ್ರವು ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ನೆಲೆಗೊಂಡಿತು. ಕೆ. ಎಸ್. ಜಗದೀಶ್ ಮೊದಲಾದವರು ಮಣ್ಣಿಗೆ ಅಲ್ಪಪ್ರಮಾಣದ ಸಿಮೆಂಟು ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ಸುಡದೆಯೇ ಗಟ್ಟಿಗೊಳಿಸುವ ಇಟ್ಟಿಗೆಗಳನ್ನು ಕುರಿತು ಸಂಶೋಧನೆ ನಡೆಸಿದರು. ಜೇಡಿ ಹೆಚ್ಚಾದ ಮಣ್ಣಿಗೆ ಮರಳು ಬೆರೆಸಿ ಹದಗೊಳಿಸಬೇಕು. ಎರೆಮಣ್ಣು ಇದಕ್ಕೆ ಒಗ್ಗದು. ಈ ಸೀಮೆಯ ಕೆಂಪುಮಣ್ಣು ಬಹುಮಟ್ಟಿಗೆ ಒಗ್ಗುತ್ತದೆ. ಇಲ್ಲಿ ಸೌದೆಯ ವೆಚ್ಚವಿಲ್ಲ, ದುಡಿಮೆಗೆ ಮತ್ತೆ ಸ್ಥಾನವಿದೆ. ಬೆಂಗಳೂರಿನಲ್ಲಿ ಇಂತಹ ಇಟ್ಟಿಗೆಯ ಮನೆಗಳು ಅನೇಕವಾಗಿ ಎದ್ದಿವೆ. ಹಳ್ಳಿಗಳಲ್ಲಿ ಮಣ್ಣು ಬಡತನದ ಗುರುತೆಂಬ ಭಾವನೆ ಬೇರೂರಿರುವುದರಿಂದ ಅದು ಅಷ್ಟಾಗಿ ಹರಡಲಿಲ್ಲವೆಂದು ನಮ್ಮ ಅಭಿಪ್ರಾಯ.

೯. ಉಪಸಂಹಾರ

ಮೇಲಿನ ವಿಚಾರದಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಹಳೆಯ ಮನೆಯು ದುರಸ್ತಿಯಿಂದ ಬಾಳುವ ಮನೆ. ಅದರ ವೆಚ್ಚ ಎಂದಿಗೂ ಮುಗಿಯುವಂತಹುದಲ್ಲ, ಹಾಗೆಯೇ ಒಮ್ಮೆಗೇ ಮನೆತನವನ್ನು ಸಾಲಕ್ಕೆ ತಳ್ಳುವಂತಹುದೂ ಅಲ್ಲ. ಹೊಸ ಮನೆಯು ಭದ್ರತೆಯನ್ನೂ ಬೆಳಕನ್ನೂ ಕೊಟ್ಟಿತು. ಅದಕ್ಕೆ ಪ್ರತಿಯಾಗಿ ಹಲವು ವರ್ಷಗಳ ಗಳಿಕೆಯನ್ನು ಮುಂಗಡವಾಗಿ ಕೇಳಿತು. ಎರಡನೆಯದಾಗಿ, ವ್ಯವಸ್ಥೆ ಯಾವುದೇ ಆದರೂ ಹೆಚ್ಚು ತೊಂದರೆಗೀಡಾದವನು ಹೊಲವೂ ಹಣವೂ ಇಲ್ಲದವನೇ. ಗೃಹನಿರ್ಮಾಣದ ಯೋಜನೆಗಳನ್ನು ಅಳೆಯುವಾಗ ಎಷ್ಟು ಮನೆ ಮಂಜೂರಾಯಿತೆಂಬುದರೊಡನೆ ಪ್ರತಿಯೊಂದು ಮನೆಯ ಕೊರತೆಯ ಹಣ ಎಲ್ಲಿಂದ ಬಂದಿತೆಂದೂ ಕೇಳಬೇಕು.

ಈ ಇತಿಹಾಸದ ಆಕರಗಳು ದಿನೇ ದಿನೇ ನಾಶವಾಗುತ್ತಿವೆ. ಮಾಳಿಗೆಯ ಮನೆ ಬಿದ್ದ ಮೇಲೆ ಅದರ ಅಂಕಣಗಳ ಲೆಕ್ಕ ಹೇಳುವವರಿಲ್ಲ. ಆದುದರಿಂದ ಈ ಸೀಮೆಯ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ತಮ್ಮ ತಮ್ಮ ಊರುಗಳ ಹಳೆಯ ಮನೆಗಳ ನಕ್ಷೆ ತೆಗೆದು, ಗೋಡೆಯ ದಪ್ಪ, ಅಂಕಣದ ಅಳತೆ, ಮರದ ಜಾತಿ, ಮಣ್ಣು ತಂದ ಸ್ಥಳ, ಮುಯ್ಯಾಳುಗಳ ಸಂಖ್ಯೆ ಇವುಗಳನ್ನು ಹಿರಿಯರಿಂದ ಕೇಳಿ ಬರೆದಿಡುವುದು ಅಗತ್ಯ. ಜೊತೆಯಲ್ಲಿಯೇ ಹೊಸದಾಗಿ ಕಟ್ಟುತ್ತಿರುವ ಒಂದೊಂದು ಮನೆಯ ಸಿಮೆಂಟು, ಕಬ್ಬಿಣ, ಕೂಲಿ, ಸಾಲ, ಬಡ್ಡಿಗಳ ಲೆಕ್ಕವನ್ನೂ ದಾಖಲಿಸಬೇಕು. ನೂರು ಮನೆಗಳ ಇಂತಹ ವಿವರ ಒಂದೆಡೆ ಸೇರಿದರೆ ನಾಲ್ಕು ತಾಲ್ಲೂಕುಗಳ ಗೃಹಚರಿತ್ರೆಯನ್ನು ಬರೆಯಲು ಅದು ಸಾಕಾದ ಬುನಾದಿಯಾದೀತು.